ಇರುವೆ ಸತ್ತಲ್ಲಿ ಸಿಂಹದ ಬೇಟೆ ಬದಲಾಯಿತು: ಕೆನ್ಯಾದ ಲೈಕಿಪಿಯಾ ಪ್ರಕರಣ

ಕೆನ್ಯಾದ ಲೈಕಿಪಿಯಾ ಸೀಮೆಯ ಓಲ್ ಪೆಜೆಟಾ ವನ್ಯಧಾಮದಲ್ಲಿ 2003ರಲ್ಲಿ ಸಿಂಹಗಳು ಹೊಡೆದ ಪ್ರಾಣಿಗಳ ಪೈಕಿ ನೂರಕ್ಕೆ 67 ಜೀಬ್ರಾಗಳು. 2020ರ ಹೊತ್ತಿಗೆ ಆ ಪಾಲು 42ಕ್ಕೆ ಇಳಿದಿತ್ತು. 2003ರ ಲೆಕ್ಕದಲ್ಲಿ ಒಂದೂ ಇರದಿದ್ದ ಕೇಪ್ ಎಮ್ಮೆ ಅಷ್ಟರಲ್ಲಿ 42ರ ಪಾಲಿಗೆ ಏರಿತ್ತು. ಈ ಎಮ್ಮೆ ನಮ್ಮ ಮನೆಯ ಎಮ್ಮೆಯಲ್ಲ, ಬಂಡೀಪುರದ ಕಾಟಿಯೂ ಅಲ್ಲ. ತಿರುಗಿ ಬಿದ್ದರೆ ಸಿಂಹವನ್ನೇ ಕೊಲ್ಲಬಲ್ಲ, ಜೀಬ್ರಾಕ್ಕಿಂತ ಎರಡು ಪಟ್ಟು ತೂಗುವ ಪ್ರಾಣಿ. ಸುಲಭದ ಬೇಟೆಯನ್ನು ಬಿಟ್ಟು ಸಿಂಹ ಇಂಥ ಅಪಾಯಕ್ಕೆ ಕೈಹಾಕಬೇಕಾದರೆ ಅದಕ್ಕೊಂದು ಕಾರಣ ಇರಲೇಬೇಕು.

ಆ ಕಾರಣವನ್ನು ಹುಡುಕುತ್ತಾ ಹೋದ ಸಂಶೋಧಕರು ತಲುಪಿದ್ದು ಕೆಲವೇ ಮಿಲಿಮೀಟರ್ ಉದ್ದದ ಒಂದು ಇರುವೆಯ ಬಳಿಗೆ. ಡಗ್ಲಸ್ ಕಮಾರು ಮತ್ತು ಸಂಗಡಿಗರ ಆ ಅಧ್ಯಯನ 2024ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸುದ್ದಿಮನೆಗಳು ಅದನ್ನು ಒಂದು ದಿನದ ಅಚ್ಚರಿಯಾಗಿ ಬಳಸಿಕೊಂಡು ಮುಂದೆ ಹೋದವು. ಆದರೆ ಆ ಫಲಿತಾಂಶದ ಹಿಂದೆ ಅದೇ ಬಯಲಿನಲ್ಲಿ ಮೂರು ದಶಕಗಳಿಂದ ನಡೆದ ಕೆಲಸವಿದೆ. ಎರಡು ಜೀವಿಗಳ ಸಹಜೀವನ ಹೇಗೆ ನಿಲ್ಲುತ್ತದೆ, ಹೇಗೆ ಮುರಿಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ. ಹಾಗಾಗಿ ಇದನ್ನು ಬುಡದಿಂದಲೇ ಹೇಳಬೇಕು.

ಎರೆಭೂಮಿ, ಅದರ ಮೇಲೊಂದೇ ಮರ

ಲೈಕಿಪಿಯಾ ಇರುವುದು ಕೆನ್ಯಾ ಪರ್ವತದ ವಾಯವ್ಯಕ್ಕೆ, ಭೂಮಧ್ಯರೇಖೆಯ ಆಸುಪಾಸಿನಲ್ಲಿ. ಅದು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದ ಪ್ರಸ್ಥಭೂಮಿ. ಅದರ ದೊಡ್ಡ ಭಾಗವನ್ನು ಹೊದ್ದಿರುವುದು ಕಪ್ಪು ಎರೆಮಣ್ಣು. ಗದಗ, ಧಾರವಾಡ, ವಿಜಯಪುರದ ಕಡೆಯವರಿಗೆ ಈ ಮಣ್ಣನ್ನು ಪರಿಚಯಿಸಬೇಕಾಗಿಲ್ಲ. ಮಳೆ ಬಿದ್ದರೆ ಕಾಲಿಗೆ ಅಂಟಿ ಬಿಡದು, ಬಿಸಿಲು ಏರಿದರೆ ಬಾಯಿಬಿಟ್ಟು ಆಳವಾಗಿ ಸೀಳುತ್ತದೆ. ಉಬ್ಬುತ್ತಾ ಕುಗ್ಗುತ್ತಾ ಬೇರುಗಳನ್ನು ಹರಿಯುವ ಈ ನೆಲದಲ್ಲಿ ಮರಗಳು ಸುಲಭಕ್ಕೆ ನಿಲ್ಲುವುದಿಲ್ಲ. ಹುಲ್ಲು ಮಾತ್ರ ಸೊಂಪಾಗಿ ಬೆಳೆಯುತ್ತದೆ.

ಅಲ್ಲಿ ನಿಂತ ಮರಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಒಂದೇ ಜಾತಿಯವು. ಹೆಸರು ವ್ಯಾಚೆಲಿಯಾ ಡ್ರೆಪನೊಲೋಬಿಯಂ. ಮೊದಲು ಅಕೇಶಿಯಾ ಎನ್ನುತ್ತಿದ್ದರು. ನಮ್ಮ ಕರಿಜಾಲಿಯೂ ಇದೇ ಕುಲದ್ದು, ಆದ್ದರಿಂದ ಇದನ್ನು ಜಾಲಿ ಎಂದೇ ಕರೆಯುತ್ತೇನೆ. ಎತ್ತರ ಹೆಚ್ಚೆಂದರೆ ಆರೇಳು ಮೀಟರ್. ಉದ್ದನೆಯ ಬಿಳಿ ಮುಳ್ಳುಗಳು ಜೋಡಿಜೋಡಿಯಾಗಿರುತ್ತವೆ. ಕೆಲವು ಜೋಡಿಗಳ ಬುಡ ಊದಿಕೊಂಡು, ನಿಂಬೆಹಣ್ಣಿನಷ್ಟು ದೊಡ್ಡ ಟೊಳ್ಳು ಗುಂಡುಗಳಾಗುತ್ತವೆ. ಯಾವ ಕೀಟವೂ ಚುಚ್ಚದೆ, ಮರ ತಾನಾಗಿಯೇ ಕಟ್ಟಿಕೊಡುವ ಕೋಣೆಗಳಿವು. ಇರುವೆಗಳು ಗೋಡೆ ಕೊರೆದು ಬಾಗಿಲು ಮಾಡಿಕೊಳ್ಳುತ್ತವೆ. ಹಳೆಯ ಗುಂಡುಗಳ ತೂತಿನ ಮೇಲೆ ಗಾಳಿ ಹಾಯುವಾಗ ಶಿಳ್ಳೆಯ ಸದ್ದು ಏಳುತ್ತದೆ. ಶಿಳ್ಳೆಮುಳ್ಳಿನ ಮರ ಎಂಬ ಹೆಸರು ಅದರಿಂದ ಬಂತು.

ಕೋಣೆಯ ಜೊತೆಗೆ ಊಟವೂ ಇದೆ. ಎಲೆದಂಟಿನ ಮೇಲಿನ ಪುಟ್ಟ ಗ್ರಂಥಿಗಳಿಂದ ಸಿಹಿರಸ ಒಸರುತ್ತದೆ. ಹೂವಿನ ಮಕರಂದಕ್ಕೂ ಇದಕ್ಕೂ ಸಂಬಂಧವಿಲ್ಲ, ಪರಾಗಸ್ಪರ್ಶಕ್ಕೂ ಇದು ಬೇಡ. ಇರುವೆಗಳಿಗೆಂದೇ ಸುರಿಸುವ ಸಕ್ಕರೆ. ಬದಲಿಗೆ ಇರುವೆಗಳು ಮರವನ್ನು ಕಾಯುತ್ತವೆ. ಒಂದು ಮೇಕೆಯೋ ಆನೆಯೋ ಟೊಂಗೆಗೆ ಬಾಯಿ ಹಾಕಿದೊಡನೆ ನೂರಾರು ಇರುವೆಗಳು ಹೊರಬಿದ್ದು ಕಚ್ಚುತ್ತವೆ. ಗಾಳಿಗೆ ಅಲುಗಿದರೆ ಸುಮ್ಮನಿರುತ್ತವೆ, ಪ್ರಾಣಿ ಮೇಯ್ದಾಗ ಮಾತ್ರ ಏಳುತ್ತವೆ. ಎರಡರ ಕಂಪನವನ್ನೂ ಅವು ಬೇರೆಬೇರೆಯಾಗಿ ಗುರುತಿಸುತ್ತವೆ ಎಂದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು.

ನಾಲ್ಕು ಒಕ್ಕಲು, ನಾಲ್ಕು ಬಗೆ

ಶಾಲೆಯ ಪುಸ್ತಕದಲ್ಲಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು: ಮರಕ್ಕೆ ಲಾಭ, ಇರುವೆಗೆ ಲಾಭ, ಎರಡು ಕಡೆಯೂ ಕೂಡಿಸುವ ಗುರುತು. ಆದರೆ ಲೈಕಿಪಿಯಾದ ಜಾಲಿಯಲ್ಲಿ ವಾಸಿಸುವುದು ಒಂದು ಇರುವೆಯಲ್ಲ, ನಾಲ್ಕು ಜಾತಿ. ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದು ಮರದ ಮೇಲೆ ಒಂದೇ ಜಾತಿಯ ಒಡೆತನ. ಪಕ್ಕದ ಮರಗಳ ಕೊಂಬೆಗಳು ತಾಗಿದರೆ ಯುದ್ಧ, ಗೆದ್ದವರಿಗೆ ಮರ.

ಅರ್ಧದಷ್ಟು ಮರಗಳನ್ನು ಹಿಡಿದಿರುವುದು ಕ್ರೆಮಟೊಗ್ಯಾಸ್ಟರ್ ಮಿಮೋಸೆ. ಮರದ ಸಿಹಿರಸವನ್ನು ಕುಡಿಯುವ, ಟೊಳ್ಳು ಮುಳ್ಳಿನಲ್ಲಿ ಮರಿ ಸಾಕುವ, ಆಕ್ರಮಣಕ್ಕೆ ಸದಾ ಸಿದ್ಧವಾದ ಇರುವೆ. ಕಾವಲುಗಾರ ಎಂಬ ಮಾತು ನಿಜವಾಗಿ ಒಪ್ಪುವುದು ಇದಕ್ಕೆ. ಎರಡನೆಯದು ನೈಗ್ರಿಸೆಪ್ಸ್. ಇದೂ ಕಾಯುತ್ತದೆ, ಆದರೆ ಮರದ ಚಿಗುರುಮೊಗ್ಗುಗಳನ್ನು ಕತ್ತರಿಸಿಹಾಕುತ್ತದೆ. ಕೊಂಬೆಗಳು ಅಡ್ಡಕ್ಕೆ ಚಾಚಿ ಪಕ್ಕದ ಮರವನ್ನು ಮುಟ್ಟಿದರೆ ಬಲಿಷ್ಠ ಶತ್ರುಗಳು ದಾಟಿಬರುತ್ತವಲ್ಲ, ಅದಕ್ಕೆ ಈ ಉಪಾಯ. ಅದರಿಂದಾಗಿ ಮರ ಹೂ ಬಿಡುವುದೇ ನಿಂತುಹೋಗುತ್ತದೆ. ಮೂರನೆಯದು ಟೆಟ್ರಪೊನೆರಾ ಪೆಂಜಿಗಿ. ಇದು ಮರದ ಸಿಹಿಗ್ರಂಥಿಗಳನ್ನೇ ಕಡಿದು ಹಾಳುಮಾಡುತ್ತದೆ. ಊಟವಿಲ್ಲದ ಮನೆಯನ್ನು ಬೇರೆ ಇರುವೆಗಳು ಬಯಸುವುದಿಲ್ಲ.

ನಾಲ್ಕನೆಯದು ಸ್ಯೋಸ್ಟೆಡ್ಟಿ. ಈ ಪ್ರಕರಣದಲ್ಲಿ ಇದರ ಪಾತ್ರ ದೊಡ್ಡದು. ಇದಕ್ಕೆ ಟೊಳ್ಳು ಮುಳ್ಳು ಬೇಕಿಲ್ಲ. ಕಾಂಡ ಕೊರೆಯುವ ಜೀರುಂಡೆಯ ಮರಿಗಳು ಮಾಡಿದ ಸುರಂಗಗಳಲ್ಲಿ ಇದು ಗೂಡು ಮಾಡುತ್ತದೆ. ಆದ್ದರಿಂದ ಮರವನ್ನು ಜೀರುಂಡೆಯಿಂದ ಕಾಯುವುದು ಇದಕ್ಕೆ ಬೇಡದ ಕೆಲಸ. ಜೀರುಂಡೆ ಹೆಚ್ಚಿದಷ್ಟೂ ಇದಕ್ಕೆ ಮನೆ ಹೆಚ್ಚು. ಮೇಯುವ ಪ್ರಾಣಿಗಳ ವಿರುದ್ಧವೂ ಇದರದು ಸೋಮಾರಿ ಕಾವಲು. ಸ್ಯೋಸ್ಟೆಡ್ಟಿ ಇರುವ ಮರಗಳು ನಿಧಾನವಾಗಿ ಬೆಳೆಯುತ್ತವೆ, ಬೇಗ ಸಾಯುತ್ತವೆ.

ಹಾಗಾದರೆ ಮಿಮೋಸೆ ಒಳ್ಳೆಯದು, ಉಳಿದ ಮೂರು ಪರೋಪಜೀವಿಗಳು ಎಂದು ತೀರ್ಮಾನಿಸಬಹುದೇ? ಟಾಡ್ ಪಾಮರ್ ಮತ್ತು ಜೊತೆಗಾರರು 2010ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದಕ್ಕೆ ಅನಿರೀಕ್ಷಿತ ಉತ್ತರ ಕೊಟ್ಟರು. ಮರದ ಇಡೀ ಆಯುಷ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಬೇರೆಬೇರೆ ವಯಸ್ಸಿನಲ್ಲಿ ಬೇರೆಬೇರೆ ಇರುವೆಗಳನ್ನು ಸಾಕಿದ ಮರವೇ ಹೆಚ್ಚು ಸಂತಾನ ಬಿಡುತ್ತದೆ, ಆ ಸರದಿಯಲ್ಲಿ ಮೊಗ್ಗು ಕತ್ತರಿಸುವ ಇರುವೆಯೂ ಸೋಮಾರಿ ಇರುವೆಯೂ ಸೇರಿದ್ದರೂ. ಎಳೆಯ ಮರಕ್ಕೆ ಬದುಕುಳಿಯುವುದೇ ದೊಡ್ಡ ಕೆಲಸ. ಆಗ ಹೂ ಬಿಡದಿದ್ದರೆ ನಷ್ಟವಿಲ್ಲ, ಕಾವಲು ಮುಖ್ಯ. ಸಂಬಂಧಕ್ಕೆ ಒಂದೇ ಕ್ಷಣದಲ್ಲಿ ಬೆಲೆ ಕಟ್ಟಿದರೆ ಸಿಗುವ ಉತ್ತರ ಒಂದು, ಆಯುಷ್ಯದುದ್ದಕ್ಕೂ ಕಟ್ಟಿದರೆ ಇನ್ನೊಂದು. ಸಹಜೀವನದ ಬಗ್ಗೆ ನಾವು ಮಕ್ಕಳಿಗೆ ಕಲಿಸುವ ಕೋಷ್ಟಕದಲ್ಲಿ ಈ ಕಾಲದ ಅಂಶವೇ ಇಲ್ಲ ಎಂಬುದು ನನ್ನ ದೊಡ್ಡ ತಕರಾರು.

ಕಾವಲಿನ ಖರ್ಚು

ಇರುವೆ ಸಾಕುವುದು ಮರಕ್ಕೆ ಪುಕ್ಕಟೆಯಲ್ಲ. ಎಷ್ಟು ದುಬಾರಿ ಎಂದು ಅಳೆಯಲು ಮೌರೀನ್ ಸ್ಟ್ಯಾಂಟನ್ ಮತ್ತು ಪಾಮರ್ ಕೆಲವು ಮರಗಳಿಂದ ಇರುವೆಗಳನ್ನು ನಾಲ್ಕೂವರೆ ವರ್ಷ ಪೂರ್ತಿ ದೂರ ಇಟ್ಟರು. ಫಲಿತಾಂಶ 2011ರಲ್ಲಿ ಹೊರಬಂತು. ಮಿಮೋಸೆ, ನೈಗ್ರಿಸೆಪ್ಸ್, ಸ್ಯೋಸ್ಟೆಡ್ಟಿ ಎಂಬ ಮೂರು ಕ್ರೆಮಟೊಗ್ಯಾಸ್ಟರ್ ಜಾತಿಗಳಲ್ಲಿ ಯಾವುದನ್ನು ತೆಗೆದರೂ ಮರದ ಬೆಳವಣಿಗೆಯೋ ಹೂಕಾಯಿಯೋ ಹೆಚ್ಚಿತು. ಅಂದರೆ ಆ ನಾಲ್ಕೂವರೆ ವರ್ಷಗಳ ಮಟ್ಟಿಗೆ ಇರುವೆಗಳಿಂದ ಮರಕ್ಕೆ ಆದದ್ದು ನಷ್ಟ. ಕೀಟಗಳು ಮತ್ತು ಸಣ್ಣ ಪ್ರಾಣಿಗಳು ಮೇಯ್ದರೆ ಈ ಮರ ಆರಾಮವಾಗಿ ತಡೆದುಕೊಳ್ಳುತ್ತದೆ.

ಮತ್ತೇಕೆ ಈ ಸಾಕಣೆ? ಸಂಶೋಧಕರ ಊಹೆ ಆನೆಯ ಕಡೆ ಬೆರಳು ಮಾಡಿತು. ಆನೆ ಬರುವುದು ಯಾವಾಗಲೋ ಒಮ್ಮೆ. ಆದರೆ ಬಂದರೆ ಕೊಂಬೆ ಮುರಿಯುತ್ತದೆ, ಸಿಪ್ಪೆ ಸುಲಿಯುತ್ತದೆ, ಮರವನ್ನೇ ಕೆಡವುತ್ತದೆ. ಕೊಡಗು, ಹಾಸನದ ಕಾಫಿತೋಟದವರಿಗೆ ಇದು ಓದಿ ತಿಳಿಯಬೇಕಾದ ವಿಷಯವಲ್ಲ.

ಈ ಊಹೆಗೆ ಆಧಾರ ಆಗಲೇ ಸಿಕ್ಕಿತ್ತು. ಜೇಕಬ್ ಗೊಹೀನ್ ಮತ್ತು ಪಾಮರ್ 2010ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಮೂರು ಎಳೆಗಳು ಸೇರಿದ್ದವು. ಮೊದಲನೆಯದು, ತಾಯಿ ಕಳೆದುಕೊಂಡು ಮನುಷ್ಯರ ಆರೈಕೆಯಲ್ಲಿದ್ದ ಆನೆಮರಿಗಳ ಮುಂದೆ ಇರುವೆ ಇರುವ ಮತ್ತು ಇಲ್ಲದ ಕೊಂಬೆಗಳನ್ನಿಟ್ಟರು. ಇರುವೆ ತೆಗೆದ ಶಿಳ್ಳೆಮುಳ್ಳನ್ನು ಅವು ತಮ್ಮ ಮೆಚ್ಚಿನ ಇನ್ನೊಂದು ಜಾಲಿಯಷ್ಟೇ ಇಷ್ಟಪಟ್ಟು ತಿಂದವು. ಅದೇ ಮೆಚ್ಚಿನ ಜಾಲಿಗೆ ಇರುವೆ ಬಿಟ್ಟರೆ ದೂರ ಸರಿದವು. ಮುಳ್ಳಿಗೆ ಆನೆ ಹೆದರುವುದಿಲ್ಲ, ಇರುವೆಗೆ ಹೆದರುತ್ತದೆ. ಸೊಂಡಿಲಿನ ಒಳಭಾಗ ನರಗಳಿಂದ ತುಂಬಿದ ಮೆದು ಜಾಗ, ಅಲ್ಲಿಗೆ ಇರುವೆ ಹೊಕ್ಕರೆ ಆನೆಗೆ ತೆಗೆಯುವ ದಾರಿಯಿಲ್ಲ. ಜಿರಾಫೆಗೆ ಈ ಕಷ್ಟ ಅಷ್ಟಿಲ್ಲ, ಉದ್ದ ನಾಲಿಗೆಯಿಂದ ಇರುವೆಗಳನ್ನು ಒರೆಸಿಕೊಳ್ಳುತ್ತದೆ. ಎರಡನೆಯದು, ಬಯಲಿನಲ್ಲೇ ಕೆಲವು ಮರಗಳ ಇರುವೆಗಳನ್ನು ಕಡಿಮೆ ಮಾಡಿ ಒಂದು ವರ್ಷ ಕಾದರು. ಅಂಥ ಮರಗಳಿಗೇ ಆನೆಯ ಹಾನಿ ಹೆಚ್ಚಾಯಿತು. ಮೂರನೆಯದು ಉಪಗ್ರಹದ ಚಿತ್ರಗಳು. 2003ರಿಂದ 2008ರ ನಡುವೆ, ಇರುವೆಜಾಲಿ ಇಲ್ಲದ ಕೆಂಪುಮಣ್ಣಿನ ಕಡೆ ಮರಗಳ ಹೊದಿಕೆ ಇಳಿದಿತ್ತು. ಎರೆಭೂಮಿಯ ಕಡೆ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಕೆಲವು ಮಿಲಿಗ್ರಾಂ ತೂಕದ ಇರುವೆಗಳು ಟನ್‌ಗಟ್ಟಲೆ ತೂಗುವ ಆನೆಯನ್ನು ತಡೆದು ಒಂದು ಪ್ರದೇಶದ ರೂಪವನ್ನೇ ಹಿಡಿದಿಟ್ಟಿದ್ದವು.

ಬೇಲಿಯೊಳಗೆ ಹಳಸಿದ ಒಪ್ಪಂದ

ಓಲ್ ಪೆಜೆಟಾದಂತೆ ಲೈಕಿಪಿಯಾದಲ್ಲೇ ಇರುವ ಎಂಪಾಲಾ ಸಂಶೋಧನಾ ಕೇಂದ್ರದಲ್ಲಿ 1995ರಿಂದ ಒಂದು ದೀರ್ಘ ಪ್ರಯೋಗ ನಡೆಯುತ್ತಿದೆ. ಟ್ರೂಮನ್ ಯಂಗ್ ಮತ್ತು ಸಂಗಡಿಗರು ಆರಂಭಿಸಿದ್ದು. ಎರೆಭೂಮಿಯಲ್ಲಿ ತಲಾ ನಾಲ್ಕು ಹೆಕ್ಟೇರಿನ 18 ತುಂಡುಗಳು. ಒಂದಕ್ಕೆ ಯಾವ ದೊಡ್ಡ ಸಸ್ಯಾಹಾರಿಯೂ ಬರದಂತೆ ಬೇಲಿ, ಇನ್ನೊಂದಕ್ಕೆ ಆನೆ ಮತ್ತು ಜಿರಾಫೆಗೆ ಮಾತ್ರ ತಡೆ, ಮತ್ತೊಂದಕ್ಕೆ ದನಗಳಿಗೆ ಪ್ರವೇಶ, ಹೀಗೆ ಆರು ಬಗೆ. ದನಗಾಹಿಗಳೂ ವನ್ಯಪ್ರಾಣಿಗಳೂ ಒಂದೇ ಹುಲ್ಲನ್ನು ಹಂಚಿಕೊಳ್ಳುವ ಸೀಮೆಯಲ್ಲಿ ಯಾರ ಬಾಯಿ ನೆಲವನ್ನು ಹೇಗೆ ಬದಲಿಸುತ್ತದೆ ಎಂದು ಬಿಡಿಸಿ ನೋಡುವುದು ಉದ್ದೇಶ. ಮೂವತ್ತು ವರ್ಷ ಬೇಲಿ ದುರಸ್ತಿ ಮಾಡುತ್ತಾ ಅಳತೆ ಬರೆದಿಡುವುದು ಎಂಥ ಶ್ರಮ ಎಂಬುದನ್ನು ಊಹಿಸಬಹುದು. ಅದಿಲ್ಲದೆ ಈ ಪ್ರಕರಣದ ಒಂದು ಮಾತನ್ನೂ ಖಚಿತವಾಗಿ ಹೇಳಲಾಗುತ್ತಿರಲಿಲ್ಲ.

ಹತ್ತು ವರ್ಷ ಯಾವ ದೊಡ್ಡ ಪ್ರಾಣಿಯೂ ಮೇಯದ ಬೇಲಿಯೊಳಗೆ ಜಾಲಿಗಳು ಸೊಕ್ಕಿ ಬೆಳೆದಿರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. 2008ರಲ್ಲಿ ಪಾಮರ್ ಮತ್ತಿತರರು ವರದಿ ಮಾಡಿದ್ದು ಇದರ ವಿರುದ್ಧದ್ದನ್ನು. ಶತ್ರು ಕಾಣದ ಮರಗಳು ಕಾವಲಿನ ಖರ್ಚನ್ನು ಕಡಿಮೆ ಮಾಡಿದ್ದವು. ಹೊಸ ಟೊಳ್ಳು ಮುಳ್ಳುಗಳು ಕಡಿಮೆ, ಸಿಹಿರಸ ಕಡಿಮೆ. ಸಂಬಳ ಇಳಿದ ಮೇಲೆ ಮಿಮೋಸೆ ಇರುವೆಗಳ ನಡತೆಯೂ ಬದಲಾಯಿತು. ಅವುಗಳ ಗುಂಪುಗಳು ಕುಗ್ಗಿದವು, ಕಾವಲು ಸಡಿಲವಾಯಿತು. ಸಕ್ಕರೆಗಾಗಿ ಅವು ಶಲ್ಕಕೀಟಗಳನ್ನು ಹೆಚ್ಚು ಸಾಕತೊಡಗಿದವು. ಈ ಕೀಟಗಳು ಮರದ ರಸವನ್ನೇ ಹೀರಿ ಸಿಹಿ ವಿಸರ್ಜಿಸುತ್ತವೆ. ಮರ ತಾನಾಗಿ ಕೊಡದದ್ದನ್ನು ಇರುವೆಗಳು ಇನ್ನೊಬ್ಬರ ಬಾಯಿಂದ ಎಳೆದುಕೊಂಡವು.

ದುರ್ಬಲವಾದ ಮಿಮೋಸೆಯನ್ನು ಸ್ಯೋಸ್ಟೆಡ್ಟಿ ಹೊರದಬ್ಬಿತು. ಬೇಲಿಯೊಳಗೆ ಅದರ ಪಾಲು ಏರಿತು. ಅದರ ಹಿಂದೆಯೇ ಕಾಂಡಕೊರಕ ಜೀರುಂಡೆಯ ಹಾವಳಿ ಬಂತು. ಕೊನೆಗೆ, ಯಾರೂ ಮೇಯದ ಮರಗಳು ಬೇಲಿಯ ಹೊರಗಿನ ಮೇಯ್ದ ಮರಗಳಿಗಿಂತ ನಿಧಾನವಾಗಿ ಬೆಳೆದವು, ಹೆಚ್ಚು ಸತ್ತವು.

ಈ ಫಲಿತಾಂಶವನ್ನು ಓದಿದಾಗೆಲ್ಲ ನನಗೆ ಅನಿಸುವುದು ಇದು: ಮರ ಮತ್ತು ಇರುವೆಯ ನಡುವಿನ ಒಪ್ಪಂದವನ್ನು ಕಾಪಾಡುತ್ತಿದ್ದುದು ಆ ಎರಡರ ಸ್ವಭಾವವಲ್ಲ, ಹೊರಗೆ ನಿಂತ ಮೂರನೆಯ ಪ್ರಾಣಿ. ಆನೆ, ಜಿರಾಫೆಗಳ ಬಾಯಿಯ ಒತ್ತಡ ಇರುವವರೆಗೆ ಮರ ಸಂಬಳ ಕೊಟ್ಟಿತು, ಇರುವೆ ದುಡಿಯಿತು. ಒತ್ತಡ ಹೋದ ಮೇಲೆ ಇಬ್ಬರೂ ತಮ್ಮ ಖರ್ಚು ಉಳಿಸಲು ನೋಡಿದರು, ಆ ಉಳಿತಾಯ ಮರದ ಪ್ರಾಣಕ್ಕೇ ಬಂತು. ಹತ್ತು ವರ್ಷ ಸಾಕಾಯಿತು. ಸಹಜೀವನವನ್ನು ಇಬ್ಬರ ಸ್ನೇಹವೆಂದು ಬಣ್ಣಿಸುವ ರೂಢಿ ನಮ್ಮಲ್ಲಿ ಬೇರೂರಿದೆ. ಶತ್ರುವನ್ನು ಬಿಟ್ಟು ಮಾಡಿದ ಆ ಬಣ್ಣನೆಯಿಂದ ಲೈಕಿಪಿಯಾದಲ್ಲಿ ಮುಂದೆ ಏನಾಯಿತೆಂಬುದನ್ನು ವಿವರಿಸಲು ಆಗುವುದೇ ಇಲ್ಲ.

ಪಶ್ಚಿಮಘಟ್ಟದಲ್ಲೂ ಇದರ ಸಣ್ಣ ಸುಳಿವಿದೆ. ನಮ್ಮ ಮಳೆಕಾಡುಗಳಲ್ಲಿ ಮಾತ್ರ ಬೆಳೆಯುವ ಹಂಬೋಲ್ಟಿಯಾ ಬ್ರುನೋನಿಸ್ ಎಂಬ ಮರದ ಕೆಲವು ಗಿಡಗಳಲ್ಲಿ ಕೊಂಬೆಯ ಗೆಣ್ಣುಗಳ ನಡುವಿನ ಭಾಗಗಳು ಟೊಳ್ಳಾಗಿ ಇರುವೆಗಳಿಗೆ ಮನೆಯಾಗುತ್ತವೆ, ಅದೇ ಕಾಡಿನ ಇನ್ನು ಕೆಲವು ಗಿಡಗಳಲ್ಲಿ ಟೊಳ್ಳೇ ಇರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜೆಸ್ ಅವರ ತಂಡ ಇದನ್ನು ಬಹುಕಾಲ ಅಧ್ಯಯನ ಮಾಡಿದೆ. ಆ ಟೊಳ್ಳುಗಳಲ್ಲಿ ಕಾವಲು ಕಾಯುವ ಇರುವೆಗಳೂ ಇವೆ, ಸುಮ್ಮನೆ ಬಾಡಿಗೆಯಿಲ್ಲದೆ ಕೂತ ಇರುವೆಗಳೂ ಇವೆ, ಎರೆಹುಳುಗಳು ಕೂಡ ಇವೆ. ಮನೆ ಕಟ್ಟಿಕೊಟ್ಟವರಿಗೆಲ್ಲ ಕಾವಲು ಸಿಗುತ್ತದೆ ಎಂಬ ಖಾತರಿ ಎಲ್ಲಿಯೂ ಇಲ್ಲ.

ದೊಡ್ಡತಲೆಯವರ ಪ್ರವೇಶ

ಬೇಲಿಯ ಕಥೆ ಮನುಷ್ಯ ಬೇಕೆಂದೇ ಮಾಡಿದ ಪ್ರಯೋಗ. ಮುಂದಿನದನ್ನು ಯಾರೂ ಯೋಜಿಸಲಿಲ್ಲ.

2000ದ ಈಚೆಗೆ ಲೈಕಿಪಿಯಾದಲ್ಲಿ ಹೊಸ ಇರುವೆಯೊಂದು ಕಾಣಿಸಿತು. ಫೈಡೋಲೆ ಮೆಗಾಸೆಫಾಲಾ, ದೊಡ್ಡತಲೆ ಇರುವೆ. ಹಿಂದೂ ಮಹಾಸಾಗರದ ಯಾವುದೋ ದ್ವೀಪದಿಂದ ಹೊರಟದ್ದು ಎಂದು ಅಂದಾಜು. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಒಂದು. ಮನುಷ್ಯರ ಸಾಮಾನು, ಮಣ್ಣು, ಗಿಡಗಳ ಜೊತೆ ಊರಿಂದೂರಿಗೆ ಹೋಗುತ್ತದೆ. ಇದರ ಗೂಡಿನಲ್ಲಿ ಹಲವು ರಾಣಿಗಳು. ಒಂದು ಗೂಡಿನವು ಪಕ್ಕದ ಗೂಡಿನವುಗಳೊಂದಿಗೆ ಜಗಳಾಡುವುದಿಲ್ಲ, ಆದ್ದರಿಂದ ಎಕರೆಗಟ್ಟಲೆ ನೆಲ ಒಂದೇ ಸಂಸಾರವಾಗುತ್ತದೆ. ತಮ್ಮತಮ್ಮಲ್ಲೇ ಕಾದಾಡಿ ಬಲ ಹಂಚಿಕೊಂಡ ಜಾಲಿಯ ಇರುವೆಗಳು ಇಂಥ ಸೈನ್ಯವನ್ನು ಹಿಂದೆ ಕಂಡಿರಲಿಲ್ಲ.

ದೊಡ್ಡತಲೆ ಇರುವೆಗಳು ಗೂಡು ಮಾಡುವುದು ನೆಲದಲ್ಲಿ, ಮರದ ಬುಡದ ಸುತ್ತ. ಅಲ್ಲಿಂದ ಕಾಂಡ ಹತ್ತಿ ಮಿಮೋಸೆಯ ಮೊಟ್ಟೆ, ಮರಿ, ದೊಡ್ಡವು ಎಲ್ಲವನ್ನೂ ತಿಂದು ಮುಗಿಸುತ್ತವೆ. ಮರ ಖಾಲಿಯಾಗುತ್ತದೆ. ಬಂದವರು ಕಾವಲು ಕಾಯುವುದಿಲ್ಲ. ಆನೆ ಕೊಂಬೆ ಮುರಿದರೆ ಅವುಗಳಿಗೆ ಅದರ ಪರಿವೆಯಿಲ್ಲ. ಅವುಗಳ ಗಡಿ ವರ್ಷಕ್ಕೆ ಸುಮಾರು 50 ಮೀಟರಿನಂತೆ ಮುಂದೆ ಸರಿಯುತ್ತದೆ. ಗಡಿಯ ಈಚೆ ಮರ ಮುಟ್ಟಿದರೆ ಕೈತುಂಬ ಇರುವೆ, ಆಚೆ ಒಂದೂ ಇಲ್ಲ.

ಕೊರಿನ್ನಾ ರಿಗಿನೋಸ್ ಮತ್ತಿತರರು 2015ರಲ್ಲಿ ಇದರ ಪರಿಣಾಮವನ್ನು ಮೊದಲು ಅಳೆದರು. ಆಕ್ರಮಣವಾದ ಕಡೆ ಆನೆಗಳು ಮರಗಳನ್ನು ಮೇಯ್ದು ಮುರಿಯುವುದು ಐದರಿಂದ ಏಳು ಪಟ್ಟು ಹೆಚ್ಚಿತ್ತು. ಮರ ಸೊರಗಲು ಆನೆಯೊಂದೇ ಕಾರಣವೂ ಅಲ್ಲ. ದೊಡ್ಡತಲೆ ಇರುವೆ ಬಂದ ಮರಗಳ ಎಲೆಗಳಲ್ಲಿ ಆಹಾರ ತಯಾರಿಕೆಯೇ ತಗ್ಗುತ್ತದೆ ಎಂದು ಮುಂದಿನ ಅಧ್ಯಯನಗಳು ಕಂಡುಕೊಂಡವು.

ಬೇಲಿ ಹಾಕಿದಾಗ ಆನೆ ಇಲ್ಲವಾಗಿ ಇರುವೆ ಸಡಿಲಾಯಿತು. ಈಗ ಇರುವೆ ಇಲ್ಲವಾಗಿ ಆನೆಗೆ ಬಾಗಿಲು ತೆರೆಯಿತು. ಮೂವರಲ್ಲಿ ಯಾರನ್ನು ತೆಗೆದರೂ ಪೆಟ್ಟು ಬೀಳುವುದು ಮರಕ್ಕೆ. ವ್ಯತ್ಯಾಸ ವೇಗದಲ್ಲಿ: ಮೊದಲನೆಯದು ಹತ್ತು ವರ್ಷ ತೆಗೆದುಕೊಂಡ ಕ್ಷಯ, ಎರಡನೆಯದು ಕೆಲವೇ ವರ್ಷಗಳಲ್ಲಿ ಬಯಲಾಗುವ ನೆಲ.

ಸಿಂಹಕ್ಕೆ ಮರೆ ಬೇಕು

ಸಿಂಹ ಓಟಗಾರ ಪ್ರಾಣಿಯಲ್ಲ. ದೂರದಿಂದ ಅಟ್ಟಿಸಿಕೊಂಡು ಹೋದರೆ ಜೀಬ್ರಾ ಸಿಗದು. ಹೊಂಚುಹಾಕಿ, ತೀರಾ ಹತ್ತಿರಕ್ಕೆ ಬಂದು ಹಾರಬೇಕು. ಲೈಕಿಪಿಯಾದ ಎರೆಬಯಲಿನಲ್ಲಿ ಹೊಂಚಿಗೆ ಇದ್ದ ಮರೆ ಶಿಳ್ಳೆಮುಳ್ಳಿನ ಜಾಲಿಯೊಂದೇ.

ಕಮಾರು ತಂಡ ಓಲ್ ಪೆಜೆಟಾದಲ್ಲಿ ಎರಡು ಅಡ್ಡಗೆರೆ ಎಳೆದು ಕೆಲಸ ಮಾಡಿತು. ದೊಡ್ಡತಲೆ ಇರುವೆ ಬಂದ ಜಾಗ, ಬರದ ಜಾಗ. ಎರಡರಲ್ಲೂ ಆನೆಗೆ ಬೇಲಿ ಹಾಕಿದ ತುಂಡು, ಹಾಕದ ತುಂಡು. ಇರುವೆ ಬಂದ, ಆನೆಯೂ ಬರಬಲ್ಲ ತುಂಡುಗಳಲ್ಲಿ ಮರ ತೆಳುವಾಗಿ ದೃಷ್ಟಿ ದೂರಕ್ಕೆ ಹರಿಯಿತು. ಸಿಂಹಿಣಿಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ, ಅವು ನಿಂತಲ್ಲೆಲ್ಲ ಹೋಗಿ ಬೇಟೆಯ ಕುರುಹು ಹುಡುಕಿದರು. ಜೀಬ್ರಾ ಸತ್ತ ಜಾಗಗಳು ಸಿಕ್ಕಿದ್ದು ಹೆಚ್ಚಾಗಿ ಇರುವೆ ಇನ್ನೂ ಬಾರದ, ಮರೆ ಉಳಿದ ಕಡೆ. ಆಕ್ರಮಣವಾಗದ ಜಾಗದಲ್ಲಿ ಜೀಬ್ರಾ ಬೇಟೆಯ ಸಂಭವ ಸುಮಾರು ಮೂರು ಪಟ್ಟು. ಇಡೀ ಸರಪಳಿಯನ್ನು ಹೀಗೆ ಕೊಂಡಿಕೊಂಡಿಯಾಗಿ ಬಯಲಿನಲ್ಲೇ ಪರೀಕ್ಷಿಸಿದ್ದು ಈ ಅಧ್ಯಯನದ ಹೆಚ್ಚುಗಾರಿಕೆ. ಇಂಥ ಸರಪಳಿ ಪರಿಣಾಮಗಳನ್ನು ಮಾತಿನಲ್ಲಿ ಹೆಣೆಯುವುದು ಸುಲಭ, ಪ್ರತಿ ಗಂಟನ್ನೂ ಎಳೆದು ನೋಡಿದವರು ಕಡಿಮೆ.

ಸಿಂಹಗಳ ಸಂಖ್ಯೆ ಈವರೆಗೆ ಕುಸಿದಿಲ್ಲ. ಅವು ಎಮ್ಮೆಗೆ ಹೊರಳಿದವು, ಹೊಟ್ಟೆ ತುಂಬುತ್ತಿದೆ. ಹಾಗಾಗಿ ಏನೂ ಆಗಿಲ್ಲ ಎಂದು ಹೇಳುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಬೇಟೆಯಲ್ಲಿ ಗಾಯಗೊಳ್ಳುವ ಅಪಾಯ ಎಮ್ಮೆಯ ಮುಂದೆ ಬಹಳ ಹೆಚ್ಚು, ಅದನ್ನು ಕೆಡವಲು ಹೆಚ್ಚು ಸಿಂಹಗಳು ಜೊತೆಯಾಗಬೇಕು. ಸಂಖ್ಯೆ ನಿಂತಿದೆ ಎಂದರೆ ಬದುಕಿನ ರೀತಿ ನಿಂತಿದೆ ಎಂದಲ್ಲ. ಅಲ್ಲದೆ ಈ ಜಾಲಿಯನ್ನೇ ನಂಬಿದ ಇನ್ನೊಂದು ಪ್ರಾಣಿ ಅಲ್ಲಿದೆ: ಕಪ್ಪು ಘೇಂಡಾಮೃಗ. ಕೊಂಬೆ ಚಿಗುರು ತಿಂದು ಬದುಕುವ, ಅಳಿವಿನಂಚಿನ ಅದರ ಮುಖ್ಯ ನೆಲೆಗಳಲ್ಲಿ ಓಲ್ ಪೆಜೆಟಾ ಒಂದು. ಮರ ಹೋದರೆ ಎಮ್ಮೆಯನ್ನು ಹಿಡಿದು ಬದುಕುವ ಆಯ್ಕೆ ಅದಕ್ಕಿಲ್ಲ.

ನಮ್ಮಲ್ಲಿಯೂ ಕಾಡಿನ ಆರೋಗ್ಯವೆಂದರೆ ಹುಲಿಯ ಲೆಕ್ಕ, ಆನೆಯ ಲೆಕ್ಕ. ಬಂಡೀಪುರದಲ್ಲಿ ಲಂಟಾನ ಹಬ್ಬಿದ್ದು ರಸ್ತೆಯಿಂದಲೇ ಕಾಣುತ್ತದೆ, ಆದ್ದರಿಂದ ಅದರ ಬಗ್ಗೆ ಮಾತಾದರೂ ಆಗುತ್ತದೆ. ಇರುವೆ ಬದಲಾದರೆ ಸಫಾರಿ ಜೀಪಿನಿಂದ ಕಾಣುವುದಿಲ್ಲ. ಓಲ್ ಪೆಜೆಟಾದಲ್ಲಿ 2003ರಿಂದಲೂ ಸಿಂಹದ ಬೇಟೆಯ ದಾಖಲೆ ಇಟ್ಟಿದ್ದರು, ಇರುವೆಯ ಗಡಿಯನ್ನೂ ಗುರುತಿಸುತ್ತಿದ್ದರು. ಎರಡೂ ಪಟ್ಟಿ ಕೈಯಲ್ಲಿದ್ದುದರಿಂದ ಮಾತ್ರ ನಡುವಿನ ಸಂಬಂಧ ಕಂಡಿತು.

ಈಗ ಮಾಡಬಹುದಾದದ್ದು

ದೊಡ್ಡತಲೆ ಇರುವೆಯನ್ನು ನಿರ್ಮೂಲ ಮಾಡಿದ ಉದಾಹರಣೆ ಇದೆ. ಆಸ್ಟ್ರೇಲಿಯಾದ ಕಾಕಡು ರಾಷ್ಟ್ರೀಯ ಉದ್ಯಾನದಲ್ಲಿ ವಿಷದ ಆಮಿಷ ಹರಡಿ ಸುಮಾರು 30 ಹೆಕ್ಟೇರಿನಿಂದ ಅದನ್ನು ಪೂರ್ತಿ ತೊಲಗಿಸಿದರು. ಆದರೆ ಲೈಕಿಪಿಯಾದ ಹರವು ಅದಕ್ಕಿಂತ ಬಹಳ ದೊಡ್ಡದು. ಆಮಿಷಕ್ಕೆ ಸ್ಥಳೀಯ ಇರುವೆಗಳೂ ಬೀಳುವ ಅಪಾಯವಿದೆ.

ಉಳಿದ ದಾರಿ ಬೇಲಿ. ಆಕ್ರಮಣವಾದ ಜಾಗಗಳಲ್ಲಿ ಸ್ವಲ್ಪ ಕಾಲ ಆನೆಗಳನ್ನು ಹೊರಗಿಟ್ಟರೆ ಇರುವೆಯಿಲ್ಲದ ಮರಗಳು ಮುರಿಯದೆ ಉಳಿಯುತ್ತವೆ ಎಂಬುದು ಪ್ರಯೋಗದ ತುಂಡುಗಳಲ್ಲಿ ಕಂಡಿದೆ. 1995ರ ಬೇಲಿಯೊಳಗೆ ಮರ ಸೊರಗಿತ್ತು, ಈ ಬೇಲಿಯೊಳಗೆ ಉಳಿಯುತ್ತದೆ. ಅಂದಿನ ಬೇಲಿ ಕಾವಲುಗಾರನಿದ್ದ ಮರಕ್ಕೆ ಹಾಕಿದ್ದು, ಇಂದಿನದು ಕಾವಲುಗಾರ ಸತ್ತ ಮರಕ್ಕೆ. ಆಕ್ರಮಣವಾದ ಜಾಗದಲ್ಲಿ ಇದಕ್ಕೆ ನನ್ನ ಬೆಂಬಲವಿದೆ. ಮಿಮೋಸೆ ಇನ್ನೂ ಜೀವಂತವಾಗಿರುವ ಕಡೆ ಮರ ಉಳಿಸುವ ಹೆಸರಿನಲ್ಲಿ ಬೇಲಿ ಹಾಕಿದರೆ ಆಗುವುದು 2008ರ ಫಲಿತಾಂಶವೇ. ಎರಡು ಜಾಗಗಳನ್ನು ಬೇರ್ಪಡಿಸದೆ ಒಂದೇ ಯೋಜನೆ ಬರೆಯುವುದು ತಪ್ಪಾಗುತ್ತದೆ. ಜೊತೆಗೆ, ಒಂದು ಕಡೆಯಿಂದ ತಡೆದ ಆನೆ ಇನ್ನೊಂದು ಕಡೆ ಮೇಯಲೇಬೇಕು. ಬೇಲಿ ಎಲ್ಲಿ ಎಂಬಷ್ಟೇ, ಎಷ್ಟು ಅಗಲ, ಎಷ್ಟು ದಿನ ಎಂಬುದೂ ಮುಖ್ಯ.

ಎಲ್ಲಕ್ಕಿಂತ ಅಗ್ಗದ ಕೆಲಸ ಹೊಸ ಜಾಗಗಳಿಗೆ ಈ ಇರುವೆಯನ್ನು ಹೊತ್ತೊಯ್ಯದಿರುವುದು. ತಾನಾಗಿ ನಡೆದರೆ ಅದು ಒಂದು ಕಿಲೋಮೀಟರ್ ದಾಟಲು ಇಪ್ಪತ್ತು ವರ್ಷ ಬೇಕು. ನರ್ಸರಿಯ ಕುಂಡದಲ್ಲೋ, ಪ್ರವಾಸಿ ಬಿಡಾರ ಕಟ್ಟಲು ತಂದ ಮಣ್ಣಿನಲ್ಲೋ ಕೂತರೆ ಅರ್ಧ ದಿನ ಸಾಕು. ಆಕ್ರಮಣವಾಗದ ಎರೆಭೂಮಿ ಲೈಕಿಪಿಯಾದಲ್ಲಿ ಇನ್ನೂ ಇದೆ. ಅಲ್ಲಿಗೆ ಹೋಗುವ ಪ್ರತಿ ಲಾರಿಯ ಮಣ್ಣನ್ನೂ ಗಿಡವನ್ನೂ ಇಳಿಸುವ ಮೊದಲು ತಪಾಸಣೆ ಮಾಡಬೇಕು, ಮತ್ತು ಆ ತಪಾಸಣೆಗೆ ಘೇಂಡಾಮೃಗದ ಕಾವಲಿಗೆ ಕೊಡುವಂತೆಯೇ ಪ್ರತಿವರ್ಷ ಹಣ ತೆಗೆದಿಡಬೇಕು.